ಹಳದಿ ಜ್ವರವನ್ನು ಪಳಗಿಸಿದ ಮ್ಯಾಕ್ಸ್ ಥೈಲರ್

ಆಫ್ರಿಕಾಕ್ಕೆ ಕೆಲಸಕ್ಕೋ ವ್ಯಾಪಾರಕ್ಕೋ ಹೊರಟವರ ಪಾಸ್‌ಪೋರ್ಟ್ ಜೊತೆ ಒಂದು ಹಳದಿ ಕಾರ್ಡ್ ಇರುವುದನ್ನು ನಾವು ನೋಡಿದ್ದೇವೆ. ಯೆಲ್ಲೋ ಫೀವರ್ ಇಂಜೆಕ್ಷನ್ ಆಗಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಆ ಇಂಜೆಕ್ಷನ್ ಕೊಟ್ಟ ಮನುಷ್ಯನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಅವರೇ ಮ್ಯಾಕ್ಸ್ ಥೈಲರ್.

1899ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಹುಟ್ಟಿದರು. ತಂದೆ ಅರ್ನಾಲ್ಡ್ ಥೈಲರ್ ಹೆಸರಾಂತ ಪಶುವೈದ್ಯ. ಮಗ ಲಂಡನ್ನಿನಲ್ಲಿ ವೈದ್ಯಕೀಯ ಕಲಿತು 1922ರಲ್ಲಿ ಅಮೆರಿಕದ ಹಾರ್ವರ್ಡ್‌ಗೆ, 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಸೇರಿದರು.

ಹಳದಿ ಜ್ವರ ಸಾಮಾನ್ಯ ಜ್ವರ ಅಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹರಡುತ್ತದೆ. ರೋಗ ಜೋರಾದರೆ ಕಣ್ಣು, ಮೈ ಹಳದಿಯಾಗುತ್ತದೆ, ರಕ್ತ ವಾಂತಿಯಾಗುತ್ತದೆ. ಇದರ ಬೆನ್ನು ಹತ್ತಿದ ವಿಜ್ಞಾನಿಗಳಾದ ಏಡ್ರಿಯನ್ ಸ್ಟೋಕ್ಸ್ 1927ರಲ್ಲಿ, ಹಿಡೆಯೊ ನೊಗುಚಿ 1928ರಲ್ಲಿ ಆಫ್ರಿಕಾದಲ್ಲಿ ಇದೇ ರೋಗಕ್ಕೆ ಬಲಿಯಾದರು. ಆಗ ಪ್ರಯೋಗಕ್ಕೆ ನಮ್ಮ ಭಾರತದಿಂದ ಹೋದ ರೀಸಸ್ ಕೋತಿಗಳೇ ಬೇಕಿತ್ತು. ಕೋತಿ ದುಬಾರಿ, ಸಾಕುವುದೂ ಕಷ್ಟ. ಸಣ್ಣ ಬಿಳಿ ಇಲಿಯ ಮಿದುಳಿಗೆ ವೈರಸ್ ಚುಚ್ಚಿದರೂ ಸಾಕು ಎಂದು ಥೈಲರ್ ತೋರಿಸಿಕೊಟ್ಟರು. ಈ ಕೆಲಸದ ನಡುವೆ ಅವರಿಗೇ ಹಳದಿ ಜ್ವರ ಬಂತು. ಬದುಕಿ ಉಳಿದರು. ಒಮ್ಮೆ ಬಂದು ಹೋದ ಮೇಲೆ ಈ ರೋಗ ಮತ್ತೆ ಬರುವುದಿಲ್ಲ, ಮೈಯೇ ಕಾವಲು ಕಟ್ಟಿಕೊಂಡಿರುತ್ತದೆ.

ಹಾಗಾದರೆ ರೋಗ ಬಾರದೆಯೇ ಆ ಕಾವಲು ಸಿಗಬೇಕಲ್ವಾ? ಅದೇ ಅವರ ಪ್ರಶ್ನೆ. 1927ರಲ್ಲಿ ಇಂದಿನ ಘಾನಾದ ಆಸಿಬಿ ಎಂಬ ರೋಗಿಯ ರಕ್ತದಿಂದ ತೆಗೆದ ವೈರಸ್ಸನ್ನು ಥೈಲರ್ ಮತ್ತು ಸಂಗಡಿಗರು ಮೊದಲು ಇಲಿ ಭ್ರೂಣದ, ಬಳಿಕ ಕೋಳಿ ಭ್ರೂಣದ ಅಂಗಾಂಶದಲ್ಲಿ ಬೆಳೆಸಿದರು. ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ನೂರಕ್ಕೂ ಹೆಚ್ಚು ಸಲ! ಕೊನೆಗೆ ಅದರ ವಿಷ ಹೋಯಿತು, ಕಾವಲು ಎಬ್ಬಿಸುವ ಗುಣ ಮಾತ್ರ ಉಳಿಯಿತು. 1937ರಲ್ಲಿ ಹ್ಯೂ ಸ್ಮಿತ್ ಜೊತೆ ಇದನ್ನು ಲೋಕಕ್ಕೆ ತಿಳಿಸಿದರು. ಅದಕ್ಕೆ 17ಡಿ ಎಂದು ಹೆಸರು. 1940ರಿಂದ 1947ರೊಳಗೆ ರಾಕ್‌ಫೆಲರ್ ಪ್ರತಿಷ್ಠಾನ 2 ಕೋಟಿ 80 ಲಕ್ಷ ಡೋಸ್ ತಯಾರಿಸಿತು.

1951ರಲ್ಲಿ ಥೈಲರ್‌ಗೆ ನೊಬೆಲ್ ಬಂತು. 1972ರಲ್ಲಿ ತೀರಿಕೊಂಡರು.

ಹಳದಿ ಜ್ವರಕ್ಕೆ ಇಂದಿಗೂ ನೇರ ಮದ್ದಿಲ್ಲ, ತಡೆಯುವ ಲಸಿಕೆ ಮಾತ್ರ ಇದೆ. ಒಂದೇ ಡೋಸ್ ಜೀವನಪೂರ್ತಿ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಭಾರತದಲ್ಲಿ ಈ ರೋಗ ಇಲ್ಲ ನಿಜ, ಆದರೆ ಅದನ್ನು ಹರಡುವ ಸೊಳ್ಳೆ ನಮ್ಮ ಅಂಗಳದಲ್ಲೇ ಇದೆ. ಅದಕ್ಕೇ ಆಫ್ರಿಕಾದಿಂದ ಬಂದವರ ಕಾರ್ಡನ್ನು ವಿಮಾನ ನಿಲ್ದಾಣದಲ್ಲಿ ಕೇಳುವುದು. ಕಾರ್ಡ್ ಕೇಳಿದರೆಂದು ನಾವು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಆ ಒಂದು ಚುಚ್ಚುಮದ್ದು ನಮ್ಮನ್ನು ಮಾತ್ರ ಅಲ್ಲ, ಊರನ್ನೂ ಕಾಯುತ್ತದೆ.