ಪಾಠ ಹೇಳಲು ಹುಟ್ಟಿದ ಕೋಷ್ಟಕ: ಅಧ್ಯಾಪಕ ಮೆಂಡಲೀವ್ ಅವರ ಬದುಕು

ಬೆಂಗಳೂರು: ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್‌ಗಳ ಶಾಲೆಗಳಲ್ಲಿ, ಟ್ಯೂಷನ್ ಕೇಂದ್ರಗಳಲ್ಲಿ ಬಣ್ಣಬಣ್ಣದ ಚೌಕಗಳಿರುವ ಪಟವೊಂದು ಗೋಡೆಯ ಮೇಲೆ ತೂಗುವುದು ಸಾಮಾನ್ಯ ದೃಶ್ಯ. ಅದು ಧಾತುಗಳ ಆವರ್ತ ಕೋಷ್ಟಕ. ಪರೀಕ್ಷೆ ಸಮೀಪಿಸಿದಂತೆ ಮಕ್ಕಳು ಅದನ್ನು ಮಗ್ಗಿಯಂತೆ ಉರು ಹೊಡೆಯುತ್ತಾರೆ. ಆದರೆ ವಿದ್ಯಾರ್ಥಿಗಳ ನೆನಪಿನ ಹೊರೆಯನ್ನು ಇಳಿಸುವ ಪ್ರಯತ್ನದಲ್ಲಿಯೇ ಆ ಕೋಷ್ಟಕ ಹುಟ್ಟಿತು ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ.

ಪಠ್ಯಭಾರ ತಗ್ಗಿಸುವ ಕಾರಣ ನೀಡಿ ಎನ್‌ಸಿಇಆರ್‌ಟಿ 2022ರಲ್ಲಿ ಹತ್ತನೇ ತರಗತಿಯ ವಿಜ್ಞಾನ ಪಠ್ಯದಿಂದ ಈ ಅಧ್ಯಾಯವನ್ನು ಕೈಬಿಟ್ಟಿತು. 2023ರಲ್ಲಿ ಹೊಸ ಪುಸ್ತಕಗಳು ಬಂದಾಗ ದೇಶದಾದ್ಯಂತ ಚರ್ಚೆ ನಡೆಯಿತು. ಹನ್ನೊಂದನೇ ತರಗತಿಯ ರಸಾಯನಶಾಸ್ತ್ರದಲ್ಲಿ ಅಧ್ಯಾಯ ಉಳಿದಿದೆ ಎಂಬ ಸಮರ್ಥನೆ ಬಂತು. ಆದರೆ ಹತ್ತರ ಬಳಿಕ ವಾಣಿಜ್ಯ ಅಥವಾ ಕಲಾ ವಿಭಾಗ ಸೇರುವ ಮಕ್ಕಳಿಗೆ ಆ ಪಾಠ ಮತ್ತೆ ಎದುರಾಗುವುದಿಲ್ಲ. ಈ ಹಿನ್ನೆಲೆಯಲ್ಲಿ ಕೋಷ್ಟಕದ ಕರ್ತೃ ದಿಮಿತ್ರಿ ಇವಾನೊವಿಚ್ ಮೆಂಡಲೀವ್ ಅವರ ಬದುಕನ್ನು ಅಧ್ಯಾಪಕನ ಬದುಕಾಗಿ ನೋಡುವುದು ಉಚಿತ.

ತಾಯಿಯ ದೀರ್ಘ ಪಯಣ

ಮೆಂಡಲೀವ್ ಜನಿಸಿದ್ದು 1834ರ ಫೆಬ್ರುವರಿ 8ರಂದು, ಸೈಬೀರಿಯಾದ ತೊಬೊಲ್‌ಸ್ಕ್ ಪಟ್ಟಣದಲ್ಲಿ. ದೊಡ್ಡ ಕುಟುಂಬದ ಕೊನೆಯ ಮಗು. ತಂದೆ ಇವಾನ್ ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥರು. ಮಗ ಹುಟ್ಟಿದ ವರ್ಷವೇ ದೃಷ್ಟಿ ಕಳೆದುಕೊಂಡರು. ಸಂಸಾರದ ಭಾರ ಹೊತ್ತ ತಾಯಿ ಮಾರಿಯಾ ತವರಿನವರ ಗಾಜಿನ ಕಾರ್ಖಾನೆಯನ್ನು ನಡೆಸಿದರು. 1847ರಲ್ಲಿ ಪತಿ ತೀರಿಕೊಂಡರು. ಮರುವರ್ಷ ಕಾರ್ಖಾನೆಯೂ ಬೆಂಕಿಗೆ ಆಹುತಿಯಾಯಿತು.

ಆ ತಾಯಿ ಎದೆಗುಂದಲಿಲ್ಲ. 1849ರಲ್ಲಿ ಕಿರಿಯ ಮಗನನ್ನು ಕರೆದುಕೊಂಡು ಸುಮಾರು 2 ಸಾವಿರ ಕಿಲೋಮೀಟರ್ ದೂರದ ಮಾಸ್ಕೋಗೆ ಹೊರಟರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರವೇಶ ದೊರೆಯಲಿಲ್ಲ. ಕೊನೆಗೆ 1850ರಲ್ಲಿ, ತಂದೆ ಓದಿದ್ದ ಸೇಂಟ್ ಪೀಟರ್ಸ್‌ಬರ್ಗ್‌ನ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ಮಗನಿಗೂ ಸ್ಥಾನ ಸಿಕ್ಕಿತು. ಅದೇ ವರ್ಷ ತಾಯಿ ಕಣ್ಣುಮುಚ್ಚಿದರು.

1855ರಲ್ಲಿ ಪದವಿ ಪಡೆದ ಮೆಂಡಲೀವ್ ಸಿಂಫೆರೊಪೋಲ್ ಮತ್ತು ಒಡೆಸ್ಸಾಗಳಲ್ಲಿ ಶಾಲಾ ಶಿಕ್ಷಕರಾಗಿ ದುಡಿದರು. ನಂತರ ಉನ್ನತ ಅಧ್ಯಯನಕ್ಕೆಂದು ಜರ್ಮನಿಗೆ ತೆರಳಿ, 1860ರಲ್ಲಿ ಕಾರ್ಲ್ಸ್‌ರೂ ನಗರದ ರಸಾಯನವಿಜ್ಞಾನಿಗಳ ಸಮಾವೇಶದಲ್ಲಿ ಪಾಲ್ಗೊಂಡರು. ಇಟಲಿಯ ಕನಿಜಾರೊ ಅಲ್ಲಿ ಮಂಡಿಸಿದ ಪರಮಾಣು ತೂಕಗಳ ಸ್ಪಷ್ಟ ಲೆಕ್ಕ ಮುಂದೆ ಅವರಿಗೆ ಆಧಾರವಾಯಿತು. 1867ರಲ್ಲಿ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು.

ಪಠ್ಯಪುಸ್ತಕದ ಇಕ್ಕಟ್ಟು

ತರಗತಿಗೆ ತಕ್ಕ ಪುಸ್ತಕ ರಷ್ಯನ್ ಭಾಷೆಯಲ್ಲಿ ದೊರೆಯದ ಕಾರಣ ಅವರೇ ಬರೆಯಲು ಕುಳಿತರು. ಆಗ ತಿಳಿದಿದ್ದ ಧಾತುಗಳು 63. ಮೊದಲ ಸಂಪುಟ ಮುಗಿಯುವ ಹೊತ್ತಿಗೆ ವಿವರಿಸಿದ್ದು ಕೇವಲ ಎಂಟನ್ನು. ಉಳಿದ 55ನ್ನು ಎರಡನೆಯ ಸಂಪುಟದಲ್ಲಿ ಯಾವ ಕ್ರಮದಲ್ಲಿ ಹೇಳುವುದು? ಒಂದೊಂದನ್ನೇ ಬಿಡಿಬಿಡಿಯಾಗಿ ಹೇಳಿದರೆ ವಿದ್ಯಾರ್ಥಿಗೆ ಉಳಿಯುವುದು ಕಂಠಪಾಠವೊಂದೇ.

ಮೊದಲ ಸಂಪುಟ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳ ಕುಟುಂಬದೊಂದಿಗೆ ಮುಗಿದಿತ್ತು. ಎರಡನೆಯದು ಸೋಡಿಯಂ, ಪೊಟ್ಯಾಸಿಯಂಗಳ ಕುಟುಂಬದಿಂದ ಆರಂಭವಾಗಬೇಕಿತ್ತು. ಇವೆರಡೂ ಗುಣದಲ್ಲಿ ತೀರ ಭಿನ್ನ. ಆದರೂ ಪರಮಾಣು ತೂಕಗಳನ್ನು ಅಕ್ಕಪಕ್ಕ ಇಟ್ಟಾಗ ಸಂಬಂಧ ಗೋಚರಿಸಿತು. ಫ್ಲೋರಿನ್ 19, ಸೋಡಿಯಂ 23, ಕ್ಲೋರಿನ್ 35.5, ಪೊಟ್ಯಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೋಡಿನ್ 127, ಸೀಸಿಯಂ 133. ಪ್ರತಿ ಜೋಡಿಯಲ್ಲೂ ತೂಕದ ಅಂತರ ಅಲ್ಪ. ಒಂದು ಕುಟುಂಬ ಮುಗಿದ ಸ್ವಲ್ಪದರಲ್ಲೇ ಇನ್ನೊಂದು ತಪ್ಪದೆ ಬರುತ್ತಿತ್ತು.

ತೂಕದ ಏರಿಕೆಯಲ್ಲಿ ಜೋಡಿಸಿದರೆ ಗುಣಗಳು ಮರುಕಳಿಸುತ್ತವೆ. ಇದೇ ಆವರ್ತ ನಿಯಮ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಾಂಕ ಏರುತ್ತಾ ಹೋದರೂ ಸೋಮವಾರಗಳೆಲ್ಲ ಒಂದೇ ಕಂಬಸಾಲಿನಲ್ಲಿ ನಿಲ್ಲುವಂತೆ, ಸಮಾನ ಗುಣದ ಧಾತುಗಳು ಒಂದೇ ಗುಂಪಿನಲ್ಲಿ ಸೇರುತ್ತವೆ. ಕ್ಯಾಲೆಂಡರಿನ ವಾರಕ್ಕೆ ಏಳೇ ದಿನ. ಕೋಷ್ಟಕದ ಅಡ್ಡಸಾಲುಗಳ ಉದ್ದ ಮಾತ್ರ ಒಂದೇ ಸಮನಲ್ಲ. 1869ರ ಮಾರ್ಚ್ 1ರಂದು ಮೊದಲ ಕೋಷ್ಟಕ ಸಿದ್ಧವಾಯಿತು. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್, ಜರ್ಮನಿಯ ಲೋಥರ್ ಮೇಯರ್ ಕೂಡ ಇದೇ ದಾರಿಯಲ್ಲಿ ಸಾಗಿದ್ದರು.

ಖಾಲಿ ನಿವೇಶನಗಳು

ಮೆಂಡಲೀವ್ ಅವರನ್ನು ಉಳಿದವರಿಗಿಂತ ಎತ್ತರಕ್ಕೆ ಒಯ್ದದ್ದು ಅವರು ಬಿಟ್ಟ ಖಾಲಿ ಜಾಗಗಳು. 1948ರಲ್ಲಿ ರೂಪುಗೊಳ್ಳತೊಡಗಿದ ಜಯನಗರದಲ್ಲಿ ಮೇನ್, ಕ್ರಾಸ್ ಗೊತ್ತಾದರೆ ಮನೆ ಹುಡುಕುವುದು ಸುಲಭ. ಮನೆ ಏಳದ ನಿವೇಶನಕ್ಕೂ ಅಲ್ಲಿ ಸಂಖ್ಯೆಯುಂಟು. ಕೋಷ್ಟಕದ ರಚನೆಯೂ ಅಂಥದೇ. ಹೊಂದುವ ಧಾತು ದೊರೆಯದ ಕಡೆ ಮೆಂಡಲೀವ್ ಮುಂದಿನದನ್ನು ತಂದು ತುರುಕಲಿಲ್ಲ. ಜಾಗವನ್ನು ಖಾಲಿ ಬಿಟ್ಟು, ನೆರೆಹೊರೆಯ ಗುಣ ನೋಡಿ ಮುಂದೆ ಬರಲಿರುವ ಧಾತುವಿನ ತೂಕ, ಸಾಂದ್ರತೆಗಳನ್ನು 1871ರಲ್ಲಿಯೇ ಲೆಕ್ಕ ಹಾಕಿದರು. ಅವಕ್ಕೆ ಇಟ್ಟ ಹೆಸರುಗಳು ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ಈ ಏಕ ಸಂಸ್ಕೃತದ್ದೇ; ಕುಟುಂಬದಲ್ಲಿ ಒಂದು ಸ್ಥಾನ ಮುಂದಿನದು ಎಂದು ಅರ್ಥ.

1875ರಲ್ಲಿ ಫ್ರಾನ್ಸ್‌ನ ಲೆಕಾಕ್ ದ ಬ್ವಾಬೊದ್ರಾನ್ ಗ್ಯಾಲಿಯಂ ಕಂಡುಹಿಡಿದು ಸಾಂದ್ರತೆ 4.7 ಎಂದು ಪ್ರಕಟಿಸಿದರು. ಅದು 5.9ರ ಆಸುಪಾಸಿನಲ್ಲಿರಬೇಕು ಎಂದು ಮೆಂಡಲೀವ್ ದೂರದ ರಷ್ಯಾದಿಂದಲೇ ತಿದ್ದಿದರು. ಶುದ್ಧ ಮಾದರಿಯನ್ನು ಮತ್ತೆ ಅಳೆದಾಗ ಬಂದದ್ದು 5.9. 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ದೊರೆತು ಉಳಿದೆರಡು ನಿವೇಶನಗಳೂ ತುಂಬಿದವು.

ಎಡವಿದ ಪ್ರಸಂಗಗಳೂ ಇವೆ. ತೂಕದ ಪ್ರಕಾರ ಅಯೋಡಿನ್ ಮೊದಲು, ಟೆಲ್ಲೂರಿಯಂ ನಂತರ ಬರಬೇಕಿತ್ತು. ಗುಣ ನೋಡಿ ಮೆಂಡಲೀವ್ ಅದನ್ನು ಅದಲುಬದಲು ಮಾಡಿದರು, ಟೆಲ್ಲೂರಿಯಂ ತೂಕದ ಅಳತೆಯೇ ತಪ್ಪೆಂದು ಭಾವಿಸಿದರು. ಸ್ಥಾನ ಸರಿಯಾಗಿತ್ತು, ಕಾರಣ ಸರಿಯಿರಲಿಲ್ಲ. ಕ್ರಮವನ್ನು ನಿರ್ಧರಿಸುವುದು ತೂಕವಲ್ಲ, ಪರಮಾಣು ಸಂಖ್ಯೆ ಎಂಬುದು 1913ರಲ್ಲಿ ಇಂಗ್ಲೆಂಡಿನ ಮೋಸ್ಲೆ ಅವರ ಪ್ರಯೋಗಗಳಿಂದ ತಿಳಿಯಿತು. ಎಲೆಕ್ಟ್ರಾನ್ ಎಂಬ ಕಲ್ಪನೆಯನ್ನು ಮೆಂಡಲೀವ್ ಒಪ್ಪಲಿಲ್ಲ. ಕೋಷ್ಟಕ ಹೀಗೇಕೆ ಇದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಆ ಎಲೆಕ್ಟ್ರಾನ್‌ಗಳ ಜೋಡಣೆಯಲ್ಲಿಯೇ.

ವಿದ್ಯಾರ್ಥಿಗಳ ಪರ

1890ರಲ್ಲಿ ಚಳವಳಿನಿರತ ವಿದ್ಯಾರ್ಥಿಗಳ ಮನವಿಯನ್ನು ಮೆಂಡಲೀವ್ ಸ್ವತಃ ಶಿಕ್ಷಣ ಸಚಿವರಿಗೆ ತಲುಪಿಸಿದರು. ಸಚಿವರು ಅದನ್ನು ಸ್ವೀಕರಿಸದೆ ಹಿಂದಿರುಗಿಸಿದಾಗ ವಿಶ್ವವಿದ್ಯಾಲಯದ ಹುದ್ದೆಯನ್ನೇ ತೊರೆದರು. ಬಳಿಕ ತೂಕ ಮತ್ತು ಅಳತೆಗಳ ಇಲಾಖೆಯ ಹೊಣೆ ಹೊತ್ತರು. ವಿದ್ಯಾರ್ಥಿಗಳಿಗಾಗಿ ಬರೆದ ಪುಸ್ತಕವನ್ನು ಮಾತ್ರ ಕೊನೆಯವರೆಗೂ ತಿದ್ದುತ್ತಿದ್ದರು. ಎಂಟನೆಯ ಆವೃತ್ತಿ ಹೊರಬಂದದ್ದು 1906ರಲ್ಲಿ. 1907ರ ಫೆಬ್ರುವರಿ 2ರಂದು ನಿಧನರಾದಾಗ ಅಂತಿಮಯಾತ್ರೆಯಲ್ಲಿ ವಿದ್ಯಾರ್ಥಿಗಳು ಆವರ್ತ ಕೋಷ್ಟಕದ ದೊಡ್ಡ ಪಟವನ್ನು ಹೊತ್ತು ನಡೆದರು.

1955ರಲ್ಲಿ ಸೃಷ್ಟಿಯಾದ 101ನೆಯ ಧಾತುವಿಗೆ ಅವರ ಹೆಸರಿಡಲಾಯಿತು. ಇಂದು ಕೋಷ್ಟಕದಲ್ಲಿ 118 ಧಾತುಗಳು, 18 ಗುಂಪುಗಳು, 7 ಆವರ್ತಗಳಿವೆ. ಜಯನಗರಕ್ಕಿರುವಂತೆ ಅದಕ್ಕೂ ಬ್ಲಾಕ್‌ಗಳುಂಟು. ಎಸ್, ಪಿ, ಡಿ, ಎಫ್ ಎಂದು ನಾಲ್ಕು. ಸೋಡಿಯಂ ನೀರಿನೊಡನೆ ಹೇಗೆ ವರ್ತಿಸುತ್ತದೆ ಎಂದು ಕಲಿತ ಮಗು ಅದರ ಕೆಳಗಿರುವ ಪೊಟ್ಯಾಸಿಯಂ ವರ್ತನೆಯನ್ನು ಪುಸ್ತಕ ನೋಡದೆ ಊಹಿಸಬಲ್ಲದು. 1869ರಲ್ಲಿ ಆ ಅಧ್ಯಾಪಕರು ಬಯಸಿದ್ದೂ ಅಷ್ಟನ್ನೇ. ಹತ್ತನೇ ತರಗತಿಯ ಪುಸ್ತಕದಿಂದ ಅಧ್ಯಾಯ ಕೈಬಿಟ್ಟಾಗ ಕಡಿಮೆಯಾದದ್ದು ಕೆಲವು ಪುಟಗಳ ಭಾರ. ಉಳಿದ ಪುಟಗಳನ್ನು ಹಗುರಗೊಳಿಸುತ್ತಿದ್ದ ಕ್ರಮವೂ ಅದರೊಂದಿಗೇ ಹೋಯಿತು.