ಗುಬ್ಬಿ ವೀರಣ್ಣನವರ ಪಾತ್ರವರ್ಗ

ಕಳೆದ ಯುಗಾದಿಗೆ ನಮ್ಮೂರು ರಾಯಚರ್ಲಿನಲ್ಲಿ ಕುರುಕ್ಷೇತ್ರ ನಾಟಕ ಆಡಬೇಕೆಂದು ನಿಶ್ಚಯವಾದಾಗ, ಕಾಲೇಜಿನಲ್ಲಿ ಓದುವ ಹುಡುಗನೆಂಬ ಕಾರಣಕ್ಕೆ ಪಾತ್ರಗಳ ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಂದಿತು. ಮಧುಗಿರಿ, ಪಾವಗಡದ ಕಡೆಯ ಮಿತ್ರರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರಿಗೂ ಕೃಷ್ಣನೇ ಬೇಕು, ಇಲ್ಲವೆ ದುರ್ಯೋಧನ. ಪಾತ್ರಕ್ಕೆ ಇಷ್ಟೆಂದು ಹಣ ಕಟ್ಟುವವರಾದ್ದರಿಂದ ಆಗದೆನ್ನುವಂತಿಲ್ಲ. ಕಡೆಗೆ ಒಂದನೆಯ ಕೃಷ್ಣ, ಎರಡನೆಯ ಕೃಷ್ಣ ಎಂದು ದೇವರನ್ನೇ ಪಾಲು ಮಾಡಿದ್ದಾಯಿತು. ವಿದುರನಾಗಲು ಮಾತ್ರ ಯಾರೂ ಒಪ್ಪಲಿಲ್ಲ. ಆ ಬೇಸರದಲ್ಲಿ ಪಟ್ಟಿಯನ್ನು ಬದಿಗಿಟ್ಟು, ನಮ್ಮ ಜಿಲ್ಲೆಯವರೇ ಆದ ಗುಬ್ಬಿ ವೀರಣ್ಣನವರ ಜೀವನವನ್ನು ಓದತೊಡಗಿದೆ.

ವೀರಣ್ಣನವರು ಹುಟ್ಟಿದ್ದು ೧೮೯೧ರಲ್ಲಿ. ಅದಕ್ಕೆ ಮೊದಲೇ, ೧೮೮೪ರಲ್ಲಿ, ಗುಬ್ಬಿಯಲ್ಲಿ ಚನ್ನಬಸವೇಶ್ವರನ ಹೆಸರಿನ ನಾಟಕ ಸಂಘವೊಂದು ಸ್ಥಾಪಿತವಾಗಿತ್ತು. ಎಳೆಯ ವಯಸ್ಸಿನಲ್ಲೇ ಬಾಲನಟರಾಗಿ ಅದನ್ನು ಸೇರಿದ ಅವರು ಮುಂದೆ ಅದರ ಯಜಮಾನರಾದರು. ಯಜಮಾನನಾದವನು ರಾಜನ ಕಿರೀಟವನ್ನು ತಾನೇ ಧರಿಸುವುದು ಲೋಕರೂಢಿ. ವೀರಣ್ಣನವರು ಹೆಸರು ಪಡೆದದ್ದು ಹಾಸ್ಯದಲ್ಲಿ. ಸದಾರಮೆ ನಾಟಕದಲ್ಲಿ ಅವರದು ಕಳ್ಳನ ಪಾತ್ರ. ಕಥೆಯ ಲೆಕ್ಕದಲ್ಲಿ ಚಿಕ್ಕದಾದರೂ, ಜನ ನೆನೆದದ್ದು ಆ ಕಳ್ಳನನ್ನೇ.

ಹೆಣ್ಣಿನ ವೇಷವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ಅವರು ನಟಿಯರಿಗೆ ಸ್ಥಾನ ಕೊಟ್ಟರು. ಅವರ ಪತ್ನಿ ಬಿ. ಜಯಮ್ಮನವರ ಕೀರ್ತಿ ಅಲ್ಲಿಂದಲೇ ಬೆಳೆಯಿತು. ಮಕ್ಕಳಿಗೆಂದೇ ಬೇರೊಂದು ಶಾಖೆಯೂ ಇತ್ತು.

೧೯೩೪ರಲ್ಲಿ ಬೆಂಗಳೂರಿನಲ್ಲಿ ಅವರು ಆಡಿಸಿದ ಕುರುಕ್ಷೇತ್ರ, ಬಿ. ಪುಟ್ಟಸ್ವಾಮಯ್ಯನವರ ರಚನೆ. ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬಂದುವೆಂದು ಎಲ್ಲರೂ ಬೆರಗಿನಿಂದ ಬರೆಯುತ್ತಾರೆ. ನನಗೇನೋ ಆನೆಯನ್ನು ನಿಲ್ಲಿಸುವುದಕ್ಕಿಂತ ಮನುಷ್ಯರನ್ನು ನಿಲ್ಲಿಸುವುದೇ ಕಷ್ಟವೆಂದು ತೋರುತ್ತದೆ. (ಪಟ್ಟಿ ಬರೆದವನ ಮಾತು ಇದು!) ಭೀಷ್ಮನಿಗೂ ಬಿಳಿಯ ಗಡ್ಡ, ದ್ರೋಣನಿಗೂ ಬಿಳಿಯ ಗಡ್ಡ. ಕರ್ಣನೂ ಶೂರ, ಅರ್ಜುನನೂ ಶೂರ. ಹಿಂದಿನ ಸಾಲಿನಲ್ಲಿ ಕುಳಿತವನೂ ಇವರನ್ನು ಕಂಡೊಡನೆ ಗುರುತಿಸಬೇಕಾದರೆ, ಒಬ್ಬನ ನಿಲುವು ಇನ್ನೊಬ್ಬನಿಗಿರಬಾರದು, ಒಬ್ಬನ ಕಂಠ ಇನ್ನೊಬ್ಬನದಾಗಬಾರದು. ಶಕುನಿಗೆ ಶರೀರ ಬೇಡ, ಕಣ್ಣು ಬೇಕು. ಭೀಮನಿಗೆ ಎರಡೂ ಬೇಕು. ಯಾರಿಗೆ ಏನಿದೆಯೆಂದು ಬಲ್ಲ ಯಜಮಾನನಿಲ್ಲದೆ ಅಷ್ಟು ದೊಡ್ಡ ಪಾತ್ರವರ್ಗವನ್ನು ಹೊಂದಿಸುವುದು ಸಾಧ್ಯವೇ?

ಆ ಕಣ್ಣು ವೀರಣ್ಣನವರಿಗೆ ನಾಟಕದ ಹೊರಗೂ ಇತ್ತು. ಹುಡುಗನಾಗಿ ಕಂಪನಿಗೆ ಬಂದ ಬಿ. ವಿ. ಕಾರಂತರನ್ನು ಅವರು ಓದಲೆಂದು ಕಾಶಿಗೆ ಕಳುಹಿಸಿದರು. ಕಾರಂತರು ಮುಂದೆ ಭಾರತದ ರಂಗಭೂಮಿಯಲ್ಲಿ ಏನಾದರೆಂಬುದು ತಿಳಿದದ್ದೇ. ಆ ಕಂಪನಿಯಲ್ಲಿ ಪಳಗಿದ ಸಿಂಗಾನಲ್ಲೂರಿನ ಮುತ್ತುರಾಜು ೧೯೫೪ರ ಬೇಡರ ಕಣ್ಣಪ್ಪ ಚಿತ್ರದಲ್ಲಿ ರಾಜಕುಮಾರರಾದರು. ವೀರಣ್ಣನವರಿಗೆ ಪದ್ಮಶ್ರೀ ದೊರೆತದ್ದು ೧೯೭೨ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಮರುದಿನ ಪಟ್ಟಿಯನ್ನು ಮತ್ತೆ ತೆಗೆದು, ವಿದುರನೆಂಬಲ್ಲಿ ನನ್ನ ಹೆಸರನ್ನೇ ಬರೆದು ಹಾರ್ಮೋನಿಯಂ ಮೇಷ್ಟರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ಕಂದ ಹೇಳಲು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲವೆಂದೆ. ಒಂದು ಕಂದವನ್ನು ಕಡಮೆ ಮಾಡಿ, ಸಂಜೆ ಅಭ್ಯಾಸಕ್ಕೆ ಬರಹೇಳಿದರು.