ದಿವಾನ್ ರಂಗಾಚಾರ್ಲು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಚರಿತ್ರೆಯನ್ನು ಓದುವ ನಮ್ಮ ತರಗತಿಯವರಿಗೆ ವಾಷಿಂಗ್ಟನ್, ಆಡಮ್ಸ್, ಜೆಫರ್ಸನ್ ಇವರ ಹೆಸರುಗಳು ಕಂಠಪಾಠವಾಗಿವೆ. ಹೊಸ ರಾಷ್ಟ್ರದ ತಲೆಯ ಮೇಲಿದ್ದ ಯುದ್ಧದ ಸಾಲ, ಮೊದಲ ಅಧ್ಯಕ್ಷನು ಹಾಕಿಕೊಟ್ಟ ಪದ್ಧತಿಗಳು, ಎರಡು ಅವಧಿ ಮುಗಿದೊಡನೆ ೧೭೯೭ರಲ್ಲಿ ಆತನು ಅಧಿಕಾರ ಬಿಟ್ಟು ಮನೆಗೆ ನಡೆದದ್ದು, ಇವನ್ನೆಲ್ಲ ಪರೀಕ್ಷೆಯ ಸಲುವಾಗಿ ನಾನೂ ಓದಿದ್ದೇನೆ. ಓದುತ್ತ ಓದುತ್ತ, ನಮ್ಮ ಮೈಸೂರು ಸೀಮೆಯಲ್ಲಿ ಇಂಥ ಮೊದಲ ಹೆಜ್ಜೆ ಇಟ್ಟವರು ಯಾರು ಎಂಬ ಪ್ರಶ್ನೆ ಮನಸ್ಸಿಗೆ ಬಂತು. ಉತ್ತರವಾಗಿ ದೊರೆತವರು ಸಿ. ರಂಗಾಚಾರ್ಲು. ಅವರ ಹೆಸರನ್ನು ಕೇಳಿದವರು ಬಹಳ ಮಂದಿ, ಕೆಲಸವನ್ನು ಬಲ್ಲವರು ಕಡಮೆ. ಶೇಷಾದ್ರಿ ಅಯ್ಯರ್ ಮತ್ತು ವಿಶ್ವೇಶ್ವರಯ್ಯನವರ ಕೀರ್ತಿಯ ಹಿಂದೆ ಅವರು ಮರೆಯಾಗಿಬಿಟ್ಟಿದ್ದಾರೆ.

೧೮೩೧ನೆಯ ಇಸವಿ ಮೈಸೂರಿಗೆ ಒಳ್ಳೆಯ ವರ್ಷವಲ್ಲ. ನಗರದ ಸೀಮೆಯ ರೈತರು ದಂಗೆಯೆದ್ದದ್ದನ್ನು ಕಾರಣವಾಗಿ ಹೇಳಿ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ಅದೇ ವರ್ಷ, ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯ ಒಂದು ಹಳ್ಳಿಯಲ್ಲಿ ರಂಗಾಚಾರ್ಲು ಹುಟ್ಟಿದರು. ಐವತ್ತು ವರ್ಷಗಳ ಮೇಲೆ ಆ ಆಡಳಿತ ಒಡೆಯರ ಮನೆತನಕ್ಕೆ ಮರಳಿದಾಗ ಅದನ್ನು ನಡೆಸುವ ಹೊಣೆ ಇವರದೇ ಆಯಿತು. ಕಾಲವು ಹೀಗೆ ಗಂಟು ಹಾಕುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ.

ಮದರಾಸು ಸರ್ಕಾರದಲ್ಲಿ ಸಣ್ಣ ಗುಮಾಸ್ತಿಕೆಯಿಂದ ಮೊದಲುಮಾಡಿ, ಇನಾಂ ಜಮೀನುಗಳ ಇತ್ಯರ್ಥದ ಕೆಲಸದಲ್ಲಿ ಹೆಸರು ಪಡೆದು, ಡೆಪ್ಯುಟಿ ಕಲೆಕ್ಟರ್ ಆಗುವವರೆಗೆ ಏರಿದರು. ೧೮೬೮ರಲ್ಲಿ ಮುಮ್ಮಡಿಯವರು ತೀರಿಕೊಂಡಾಗ ದತ್ತುಪುತ್ರ ಚಾಮರಾಜೇಂದ್ರರಿಗೆ ಐದು ವರ್ಷ. ಅರಮನೆಯ ಸಾಲ, ಒಡವೆ, ನೌಕರರ ಪಟ್ಟಿ ಎಲ್ಲವನ್ನೂ ನೇರ್ಪಡಿಸುವುದಕ್ಕೆ ರಂಗಾಚಾರ್ಲು ಅವರನ್ನು ಮೈಸೂರಿಗೆ ಕರೆಸಿದರು. ಅಲ್ಲಿಂದ ಮುಂದೆ ಅವರು ಮೈಸೂರಿನವರೇ ಆದರು. ೧೮೭೪ರಲ್ಲಿ ಅವರು ಬ್ರಿಟಿಷರ ಮೈಸೂರು ಆಡಳಿತವನ್ನು ಕುರಿತು ಬರೆದ ಒಂದು ಪುಸ್ತಿಕೆ ಲಂಡನ್ನಿನಲ್ಲಿ ಅಚ್ಚಾಯಿತು. ದೊಡ್ಡ ಹುದ್ದೆಗಳನ್ನೆಲ್ಲ ದೊಡ್ಡ ಸಂಬಳದ ಇಂಗ್ಲಿಷರಿಗೇ ಕೊಡುವುದು ಈ ದೇಶದವರಿಗೆ ಅನ್ಯಾಯವೆಂಬುದು ಅವರ ವಾದ. ಆಳುವವರ ಕೆಳಗೆ ಕೆಲಸದಲ್ಲಿದ್ದುಕೊಂಡೇ ಹಾಗೆ ಬರೆಯುವುದಕ್ಕೆ ಎದೆ ಬೇಕು.

ಆಮೇಲೆ ಬಂತು ಬರ. ನಮ್ಮ ಯಲಹಂಕದ ಕಡೆಯ ಹಳ್ಳಿಗಳು ಮಳೆಯನ್ನೂ ಕೆರೆಯನ್ನೂ ನಂಬಿ ರಾಗಿ ಬೆಳೆದವು. ಮಳೆ ಹೋದರೆ ಏನಾಗುತ್ತದೆಂಬುದನ್ನು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ೧೮೭೬ರಿಂದ ೧೮೭೮ರವರೆಗಿನ ಆ ಬರವನ್ನು ಜನ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎಂದು ಕರೆದರು. ೧೮೭೧ರ ಖಾನೇಷುಮಾರಿಯಲ್ಲಿ ೫೦ ಲಕ್ಷದ ಮೇಲಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ಎಣಿಕೆಯಲ್ಲಿ ೪೨ ಲಕ್ಷಕ್ಕೂ ಕೆಳಗೆ ಇಳಿದಿತ್ತು. ಎಂಟು ಲಕ್ಷಕ್ಕೂ ಹೆಚ್ಚು ಜನರ ಕೊರತೆ! ಬೊಕ್ಕಸ ಬರಿದಾಗಿ, ಇಂಡಿಯಾ ಸರ್ಕಾರಕ್ಕೆ ೮೦ ಲಕ್ಷ ರೂಪಾಯಿ ಸಾಲ ನಿಂತಿತು. ಆಗ ಸಂಸ್ಥಾನದ ಇಡೀ ವರ್ಷದ ಹುಟ್ಟುವಳಿ ಸುಮಾರು ಒಂದು ಕೋಟಿ.

೧೮೮೧ನೆಯ ಮಾರ್ಚ್ ೨೫ರಂದು ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿ ಬಂತು. ರಂಗಾಚಾರ್ಲು ದಿವಾನರಾದರು. ರಾಜ್ಯದ ಜೊತೆಗೆ ಬಂದದ್ದು ಮೇಲೆ ಹೇಳಿದ ಸಾಲ. ಅದು ಸಾಲದೆಂಬಂತೆ, ಪ್ರತಿವರ್ಷ ಕೊಡಬೇಕಾಗಿದ್ದ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸಿದ್ದರು. ಏರಿಸಿದ ಭಾಗವನ್ನು ಐದು ವರ್ಷ ತಡೆಹಿಡಿದದ್ದೊಂದೇ ಸಮಾಧಾನ. ಅಮೆರಿಕದಲ್ಲಿ ವಾಷಿಂಗ್ಟನ್ನನ ಮಂತ್ರಿ ಹ್ಯಾಮಿಲ್ಟನ್ ಹೊಸ ಸುಂಕಗಳನ್ನು ಹಾಕಿ ಸಾಲ ತೀರಿಸುವ ದಾರಿ ಹುಡುಕಿದ. ಬರದಿಂದ ಎದ್ದ ರೈತನ ಮೇಲೆ ಏನನ್ನು ಹಾಕುವುದು? ರಂಗಾಚಾರ್ಲು ಖರ್ಚಿಗೆ ಕತ್ತರಿ ಹಾಕಿದರು. ಹುದ್ದೆಗಳು ಹೋದವು, ತಾಲ್ಲೂಕುಗಳು ಕಡಮೆಯಾದವು. ೧೮೮೨ರಲ್ಲಿ ಹಾಸನ, ಚಿತ್ರದುರ್ಗ ಎರಡೂ ಜಿಲ್ಲೆಗಳೆಂಬ ಹೆಸರನ್ನೇ ಕಳೆದುಕೊಂಡು ಪಕ್ಕದ ಜಿಲ್ಲೆಗಳಲ್ಲಿ ಸೇರಿಹೋದವು. ಅವರ ಲೆಕ್ಕ ಸರಿ, ಕೈ ಮಾತ್ರ ಬಿರುಸು ಎಂದು ನನ್ನ ಅಭಿಪ್ರಾಯ. ಕಚೇರಿ ದೂರವಾದರೆ ಅದರ ಕಷ್ಟ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುವವನಿಗೆ ಗೊತ್ತು. ೧೮೮೬ರಲ್ಲಿ ಆ ಎರಡು ಜಿಲ್ಲೆಗಳನ್ನು ಮತ್ತೆ ಏರ್ಪಡಿಸಬೇಕಾಯಿತು.

ಇಷ್ಟು ಬಡತನದ ನಡುವೆ ಅವರು ಮಾಡಿದ ಇನ್ನೊಂದು ಕೆಲಸಕ್ಕೆ ದುಡ್ಡು ಅಷ್ಟಾಗಿ ಬೇಕಿರಲಿಲ್ಲ. ೧೮೮೧ನೆಯ ಆಗಸ್ಟ್ ೨೫ರಂದು ಒಂದು ಆಜ್ಞೆ ಹೊರಟಿತು. ಪ್ರತಿ ತಾಲ್ಲೂಕಿನಿಂದಲೂ ಸ್ವತಃ ಸಾಗುವಳಿ ಮಾಡುವ, ತಿಳಿವಳಿಕೆಯುಳ್ಳ ಒಬ್ಬಿಬ್ಬರು ಜಮೀನುದಾರರು, ಪ್ರತಿ ಜಿಲ್ಲೆಯಿಂದಲೂ ಮೂರು ನಾಲ್ಕು ಮಂದಿ ವರ್ತಕರು ದಸರೆಯ ಕಾಲಕ್ಕೆ ಮೈಸೂರಿಗೆ ಬರತಕ್ಕದ್ದು; ಸರ್ಕಾರವು ಹಿಂದಿನ ವರ್ಷ ಮಾಡಿದ್ದನ್ನೂ ಮುಂದೆ ಮಾಡಲಿರುವುದನ್ನೂ ಅವರ ಮುಂದೆ ಇಡತಕ್ಕದ್ದು; ಅವರು ತಮ್ಮ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಳ್ಳತಕ್ಕದ್ದು. ಅಕ್ಟೋಬರ್ ೭ರಂದು ೧೪೪ ಮಂದಿ ಕೂಡಿದರು. ಇದೇ ಮೈಸೂರಿನ ಪ್ರಜಾಪ್ರತಿನಿಧಿ ಸಭೆ. ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಹುಟ್ಟಿದ್ದು ಇದಾದ ನಾಲ್ಕು ವರ್ಷಗಳ ಮೇಲೆ.

ಓದುಗರು ಆ ದೃಶ್ಯವನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಅದುವರೆಗೆ ರೈತನಿಗೆ ಸರ್ಕಾರವೆಂದರೆ ಶಾನುಭೋಗರ ಕಡತ, ಅಮಲ್ದಾರರ ಸವಾರಿ. ಲೆಕ್ಕ ಕೊಡಬೇಕಾದವನು ಯಾವಾಗಲೂ ರೈತ; ಕೇಳುವವರು ಕಚೇರಿಯವರು. ಈಗ ಸಂಸ್ಥಾನದ ದಿವಾನರೇ ಎದ್ದು ನಿಂತು, ಇಷ್ಟು ಬಂತು, ಇಷ್ಟು ಖರ್ಚಾಯಿತು, ಇಷ್ಟು ಸಾಲವಿದೆ ಎಂದು ರೈತರಿಗೆ ಲೆಕ್ಕ ಒಪ್ಪಿಸಿದರು. ಬರಿಯ ಬೇಸಾಯವನ್ನೇ ನಂಬಿ ಯಾವ ದೇಶವೂ ಏಳಿಗೆಯಾಗದು, ಕೈಗಾರಿಕೆಯೂ ಅದರ ಜೊತೆಗೆ ಬೆಳೆಯಬೇಕು ಎಂಬ ತಮ್ಮ ನಂಬಿಕೆಯನ್ನೂ ಆ ಸಭೆಯ ಮುಂದಿಟ್ಟರು. ಬರವನ್ನು ಕಂಡು ಬಂದವರಿಗೆ ಅದರ ಅರ್ಥ ತಿಳಿಯದೆ ಇದ್ದೀತೇ?

ಸಭೆಗೆ ಅಧಿಕಾರವೇನೂ ಇರಲಿಲ್ಲ, ನಿಜ. ಆಯವ್ಯಯವನ್ನು ತಿದ್ದುವಂತಿಲ್ಲ, ಮತ ಹಾಕುವಂತಿಲ್ಲ. ಸದಸ್ಯರನ್ನು ಆರಿಸಿದ್ದು ಪ್ರಜೆಗಳಲ್ಲ, ಲೋಕಲ್ ಫಂಡ್ ಬೋರ್ಡುಗಳು. ವಾಷಿಂಗ್ಟನ್ ಚುನಾಯಿತನಾಗಿ ಬಂದವನು. ರಂಗಾಚಾರ್ಲು ಮಹಾರಾಜರು ನೇಮಿಸಿದವರು, ಮೇಲೆ ಇಂಗ್ಲಿಷ್ ರೆಸಿಡೆಂಟನ ಕಣ್ಣು ಬೇರೆ. ಇದೆಂಥ ಸಭೆ ಎಂದು ನಗುವ ಗೆಳೆಯರು ನನಗಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ೧೭೮೯ರ ಅಮೆರಿಕದಲ್ಲಿಯೂ ಮತ ಹಾಕಿದವರು ಬಹುಮಟ್ಟಿಗೆ ಆಸ್ತಿವಂತ ಗಂಡಸರು. ಗುಲಾಮರನ್ನು ಕೇಳಿದವರಿಲ್ಲ, ವಾಷಿಂಗ್ಟನ್ನನ ತೋಟದಲ್ಲೇ ಗುಲಾಮರಿದ್ದರು. ಹಾಗೆಂದು ನಮ್ಮ ಸಭೆಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ನನ್ನಿಂದಾಗದು. ಪರರ ಹೊಲದಲ್ಲಿ ವಾರಕ್ಕೆ ದುಡಿಯುತ್ತಿದ್ದ ನಮ್ಮ ಮನೆತನದವರನ್ನು ಆ ೧೪೪ ಮಂದಿಯ ಹತ್ತಿರಕ್ಕೂ ಯಾರೂ ಬಿಡುತ್ತಿರಲಿಲ್ಲ.

ಬೆಂಗಳೂರಿನಿಂದ ಮೈಸೂರಿನ ರೈಲುದಾರಿ ಬರಗಾಲದಲ್ಲಿ ಹಸಿದವರ ಕೈಯಿಂದ ಮಣ್ಣಿನ ಕೆಲಸ ಮಾಡಿಸಿದ್ದು. ಅದು ೧೮೮೨ರಲ್ಲಿ ಮೈಸೂರನ್ನು ಮುಟ್ಟಿತು. ನಮ್ಮ ಯಶವಂತಪುರದ ಮೇಲೆ ಹಾಯುವ ತುಮಕೂರಿನ ದಾರಿ ತೆರೆದದ್ದು ೧೮೮೪ರಲ್ಲಿ. ಅದನ್ನು ರಂಗಾಚಾರ್ಲು ನೋಡಲಿಲ್ಲ. ಎರಡನೆಯ ವರ್ಷದ ಸಭೆಯನ್ನು ನಡೆಸಿದ ಸ್ವಲ್ಪ ಕಾಲದಲ್ಲಿಯೇ, ೧೮೮೩ನೆಯ ಜನವರಿ ೨೦ರಂದು ಮದರಾಸಿನಲ್ಲಿ ತೀರಿಕೊಂಡರು. ದಿವಾನಗಿರಿ ಎರಡು ವರ್ಷವೂ ತುಂಬಿರಲಿಲ್ಲ. ಮೈಸೂರಿನ ಪುರಭವನಕ್ಕೆ ಅವರ ಹೆಸರಿಟ್ಟರು.

ಅವರ ತರುವಾಯ ಬಂದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಿಂದ, ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂತು. ಇಷ್ಟು ಕಂದಾಯ ಕಟ್ಟುವವರಿಗೆ ಮತ ಎಂದು ನಿಯಮ ಮಾಡಿದರು. ಅದರ ಜೊತೆಗೆ ವಿಶ್ವವಿದ್ಯಾಲಯದ ಪದವಿ ಪಡೆದವರಿಗೂ ಮತವುಂಟೆಂದು ಸೇರಿಸಿದರು. ಈ ನಿಯಮವನ್ನು ನಮ್ಮ ತಂದೆಯವರಿಗೆ ಓದಿ ಹೇಳಿದೆ. ಹಾಗಾದರೆ ಆ ಕಾಲದಲ್ಲಿ ನಮ್ಮ ಮನೆಯಲ್ಲಿ ನಿನಗೊಬ್ಬನಿಗೇ ಮತ ಸಿಕ್ಕುತ್ತಿತ್ತು, ಅದೂ ಈ ವರ್ಷ ಪಾಸಾದರೆ ಎಂದು ಅವರು ನಕ್ಕರು. ೧೯೨೩ರಲ್ಲಿ ಸಭೆಗೆ ಶಾಸನದ ಆಧಾರ ದೊರೆತು, ಹೆಂಗಸರಿಗೂ ಮತದ ಹಕ್ಕು ಬಂತು. ರಂಗಾಚಾರ್ಲು ಕೂಡಿಸಿದ ಆ ಸಭೆ ೧೯೪೯ರವರೆಗೂ ನಡೆಯಿತು.